ಹುಯಿಲು ಹೊತ್ತ ಲಾಂಚು

ಲಿಂಗನಮಕ್ಕಿ ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಿದ್ದವರಲ್ಲಿ ಎರಡು ಜಾತಿ. ಮೊದಲನೆಯದು ಕ್ಯಾಮರಾ ಹಿಡಿದವರದು. ಎರಡನೆಯದು ಸಿಗಂದೂರು ಚೌಡಮ್ಮ ದೇವಿಯ ಹತ್ತಿರ ಹುಯಿಲು ಕೊಡಲು ಹೊರಟವರದು. ಇವರನ್ನು ಮುಖ ನೋಡಿಯೇ ಗುರುತಿಸಬಹುದಿತ್ತು. ಹಿನ್ನೀರಿನ ಚೆಂದ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಗಡಿಕಲ್ಲು ಸರಿಸಿದ ದಾಯಾದಿ, ಸಾಲ ಪಡೆದು ಇಲ್ಲವೆಂದ ನೆಂಟ, ರಾತ್ರೋರಾತ್ರಿ ಅಡಿಕೆಗೊನೆ ಇಳಿಸಿದವನು, ಇವರೆಲ್ಲರ ಮೇಲಿನ ದೂರು ಅದೇ ಲಾಂಚಿನಲ್ಲಿ, ಬಸ್ಸು ಜೀಪುಗಳ ಸಂದಿಯಲ್ಲಿ, ನಿಂತು ಪ್ರಯಾಣ ಮಾಡುತ್ತಿತ್ತು. ದೂರಿಗೆ ಗುರಿಯಾದವನೂ ಪಕ್ಕದಲ್ಲೇ ಕಂಬಿ ಹಿಡಿದು ನಿಂತಿರುತ್ತಿದ್ದನೇನೋ. ಅವನದೂ ಒಂದು ಹುಯಿಲು ಇರುತ್ತದಲ್ಲ!

2025ರ ಜುಲೈಯಲ್ಲಿ ಸೇತುವೆ ಆಯಿತು. ಹಿನ್ನೀರಿನಾಚೆಯ ಕರೂರು ಸೀಮೆಯವರು ಅರವತ್ತು ವರ್ಷ ಕಾದಿದ್ದರು. ನಾಡಿಗೆ ಬೆಳಕು ಕೊಡಲೆಂದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ, ಇವರ ರಸ್ತೆಯನ್ನೇ ನೀರಿಗೆ ಹಾಕಿ, ಕೈಗೆ ಲಾಂಚು ಕೊಟ್ಟದ್ದು ಯಾವ ಬಗೆಯ ಬೆನ್ನಿರಿತ ಎಂದು ಚೌಡಮ್ಮನನ್ನೂ ಕೇಳಿದವರಿದ್ದಾರು. ಸೇತುವೆಯ ಮೇಲೆ ನನ್ನದೊಂದೇ ತಕರಾರು: ಕಳ್ಳನಿಗೆ ನಡುನೀರಿನಲ್ಲಿ ಮನಸ್ಸು ಬದಲಿಸಲು ಸಿಗುತ್ತಿದ್ದ ಹೊತ್ತು ಹೋಯಿತು.

ದ್ರೋಹದ ಮೇಲೆ ಹುಯಿಲು ಎಷ್ಟೇ ಇರಲಿ, ನಮ್ಮ ಸೀಮೆಯಲ್ಲಿ ದ್ರೋಹಿಗೆ ವಕೀಲರ ಬರಗಾಲ ಎಂದೂ ಬಂದಿಲ್ಲ. ತಾಳಮದ್ದಲೆಯಲ್ಲಿ 'ವಿಭೀಷಣ ನೀತಿ' ಇದೆಯೆಂದರೆ ಜನ ಊಟ ಮುಗಿಸಿಯೇ ಬಂದು ಕೂರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಇಬ್ಬರು ಅರ್ಥಧಾರಿಗಳು. ರಾವಣ ಕೇಳುತ್ತಾನೆ: ಉಂಡ ಮನೆಗೆ ಎರಡು ಬಗೆಯುವುದೇ ನಿನ್ನ ಧರ್ಮವೋ? ಸಭೆ ತಲೆದೂಗುತ್ತದೆ. ವಿಭೀಷಣ ಹೇಳುತ್ತಾನೆ: ಅಣ್ಣನ ಅನ್ನ ದೊಡ್ಡದು, ಅಣ್ಣನ ಅಧರ್ಮ ಅದಕ್ಕಿಂತ ದೊಡ್ಡದು. ಸಭೆ ಆಗಲೂ ತಲೆದೂಗುತ್ತದೆ, ಅದೇ ತಲೆ. ಪಾಲಿನ ವ್ಯಾಜ್ಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಜಮಖಾನದ ಎರಡು ತುದಿಯಲ್ಲಿ ಕೂತು ಕೇಳಿ, ಇಬ್ಬರೂ ಗೆದ್ದೆವೆಂದುಕೊಂಡು ಮನೆಗೆ ಹೋಗುತ್ತಾರೆ. ಶಲ್ಯನಿಗೆ ಇಷ್ಟು ಮರ್ಯಾದೆ ಸಿಗುವುದಿಲ್ಲ. ಕರ್ಣನ ರಥದಲ್ಲೇ ಕೂತು ಕರ್ಣನ ಎದೆಗುಂದಿಸುತ್ತೇನೆಂದು ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟವನು ಅವನು. ಅದನ್ನು ಕೇಳಿಸಿಕೊಂಡ ಧರ್ಮರಾಯನಿಗೆ ಏನನ್ನಬೇಕು ಎಂಬುದನ್ನು ಮಾತ್ರ ಅರ್ಥಧಾರಿಗಳು ಜಾಣತನದಿಂದ ಹಾರಿಸಿಬಿಡುತ್ತಾರೆ.

ಕುಪ್ಪಳಿಯ ಕುವೆಂಪು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಮಂಥರೆಯ ಪರ ನಿಂತು, ಅವಳ ಕೇಡಿನ ಬುಡದಲ್ಲಿ ಕುರುಡು ಮಮತೆ ಇತ್ತೆಂದು ತೋರಿಸಿಕೊಟ್ಟರು. ಗೂನುಬೆನ್ನಿನ ಮುದುಕಿಗೆ ಸಾವಿರಾರು ವರ್ಷಗಳ ಮೇಲೆ ಜಾಮೀನು ಸಿಕ್ಕಿತು.

ಅದೇ ಕುವೆಂಪು ಶೇಕ್ಸ್‌ಪಿಯರನ ಹ್ಯಾಮ್ಲೆಟ್ಟನ್ನು ಕನ್ನಡಕ್ಕೆ ತರುವಾಗ ಡೆನ್ಮಾರ್ಕನ್ನು ಅಲ್ಲೇ ಬಿಟ್ಟು, ಕಥೆಯನ್ನು ಬಿದನೂರಿನ ಅರಮನೆಯಲ್ಲಿ ಇಳಿಸಿದರು, ಅದೇ 'ರಕ್ತಾಕ್ಷಿ'. ಬಿದನೂರೆಂದರೆ ಹೊಸನಗರ ತಾಲ್ಲೂಕಿನ ಈಗಿನ ನಗರ. ಸ್ಥಳದ ಆಯ್ಕೆಯಲ್ಲಿ ತಪ್ಪು ಹುಡುಕುವಂತಿಲ್ಲ. 1763ರಲ್ಲಿ ಹೈದರಾಲಿ ಏರಿಬಂದಾಗ ಕಾಡಿನ ಕಳ್ಳದಾರಿ ತೋರಿಸಿದವನು, ರಾಣಿ ವೀರಮ್ಮಾಜಿಯೇ ಸೆರೆಗೆ ತಳ್ಳಿದ್ದ ಹಳೆಯ ಮಂತ್ರಿ ಲಿಂಗಣ್ಣ ಎನ್ನುತ್ತದೆ ಇತಿಹಾಸ. ವಿಭೀಷಣನಿಗೆ ಲಂಕೆಯ ಪಟ್ಟವಾದರೂ ಸಿಕ್ಕಿತ್ತು. ಇಲ್ಲಿ ಪಟ್ಟ ಕಟ್ಟಿಸುತ್ತೇನೆಂದು ಹೈದರ ಜೊತೆಗೆ ಕರೆತಂದಿದ್ದ ರಾಜವಂಶದ ಹುಡುಗನನ್ನೂ, ಅವನು ಯಾರನ್ನು ಇಳಿಸಲು ಬಂದಿದ್ದನೋ ಆ ರಾಣಿಯನ್ನೂ ಒಟ್ಟಿಗೇ ಮಧುಗಿರಿ ಕೋಟೆಗೆ ಸಾಗಿಸಿದರು. ದಾರಿಯಲ್ಲಿ ಅವರಿಬ್ಬರೂ ಏನು ಮಾತಾಡಿಕೊಂಡಿರಬಹುದು? ಯಾವ ಅರ್ಥಧಾರಿಯೂ ಇನ್ನೂ ಈ ಪ್ರಸಂಗಕ್ಕೆ ಕೈ ಹಾಕಿಲ್ಲವಲ್ಲ ಎಂದು ನನಗೆ ಬೇಜಾರು.

ಇಪ್ಪತ್ತು ವರ್ಷ ಕಳೆಯಿತು. ಹೈದರ ಮಗನಂತೆ ಸಾಕಿದ್ದ ಅಯಾಜ್ ಬಿದನೂರಿನ ಅಧಿಕಾರಿ. ಹೈದರ ಸತ್ತ, ಟಿಪ್ಪು ಪಟ್ಟಕ್ಕೆ ಬಂದ. ಟಿಪ್ಪುವಿಗೂ ಅಯಾಜನಿಗೂ ಹಳೆಯ ಹಗೆ. 1783ರಲ್ಲಿ ಅಯಾಜ್ ಕೋಟೆಯನ್ನು ಇಂಗ್ಲಿಷರ ಜನರಲ್ ಮ್ಯಾಥ್ಯೂಸನಿಗೆ ಒಪ್ಪಿಸಿಬಿಟ್ಟ. ಅದೇ ವರ್ಷ ಟಿಪ್ಪು ಮರಳಿ ಗೆದ್ದದ್ದು ಬೇರೆ ಮಾತು. ಒಪ್ಪಿಸಿದ್ದೇಕೆ ಎಂಬುದಕ್ಕೆ ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಒಂದು ಕಥೆ ಹೇಳುತ್ತಾನೆ: ಅಯಾಜನನ್ನು ಮುಗಿಸಿ ಎಂದು ಬರೆದ ಕಾಗದ ಅಯಾಜನ ಕೈಗೇ ಬಿತ್ತಂತೆ. ಹ್ಯಾಮ್ಲೆಟ್ಟನಿಗೂ ಹಡಗಿನಲ್ಲಿ ಸಿಕ್ಕಿದ್ದು ಇಂಥದ್ದೇ ಕಾಗದ. ಆದರೆ ರಾಜಕುಮಾರ ಅಕ್ಷರಸ್ಥ, ತಾನೇ ಓದಿ, ಕೊಲ್ಲಬೇಕಾದವರ ಹೆಸರು ಬದಲಿಸಿ ಬರೆದ. ಅಯಾಜನಿಗೆ ಓದು ಬಾರದು. ಬ್ರಾಹ್ಮಣನೊಬ್ಬನಿಂದ ಓದಿಸಿದ. ಗುಟ್ಟು ಹೊರಗೆ ಹೋಗಬಾರದೆಂದು ಓದಿದವನನ್ನು ಅಲ್ಲೇ ಮುಗಿಸಿದನಂತೆ.

ಶೇಕ್ಸ್‌ಪಿಯರನಿಗೂ ಇದು ಹೊಳೆದಿರಲಿಲ್ಲ. ದ್ರೋಹದ ಕಥೆಗಳನ್ನು ಕೂತಲ್ಲೇ ಚಪ್ಪರಿಸುವ ನಾವೆಲ್ಲ ಗಮನಿಸಬೇಕು: ಬಿದನೂರಿನಲ್ಲಿ ಮೊದಲು ತಲೆ ಹೋದದ್ದು ಓದುಗನದು.