ಗೊರವನಹಳ್ಳಿ ಸೀಮೆಯ ಬೇರಿಕಾಯಿ ವೈನು: ಒಂದು ಬಹುಶಿಸ್ತೀಯ ಸಂಕಥನದತ್ತ

ಪ್ರಸ್ತುತ ಅಧ್ಯಯನದ ವ್ಯಾಪ್ತಿಯು ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಮಧುಗಿರಿ, ಸಿರಾ, ಪಾವಗಡಗಳವರೆಗೆ ಹಬ್ಬಿದೆ. ವಸ್ತು: ಮನೆಯಲ್ಲಿ ಬೇರಿಕಾಯಿ ವೈನು ತಯಾರಿಕೆ. ಈ ಸೀಮೆಯಲ್ಲಿ ಬೇರಿಕಾಯಿ ಬೆಳೆಯುವುದೇ ಇಲ್ಲವಲ್ಲ ಎಂಬ ಕ್ಷುಲ್ಲಕ ಆಕ್ಷೇಪವನ್ನು ಮಾರ್ಗದರ್ಶಕರು ಆರಂಭದಲ್ಲೇ ತಳ್ಳಿಹಾಕಿದ್ದಾರೆ. ವಸ್ತುವಿನ ಗೈರುಹಾಜರಿಯೇ ಅದರ ಅತ್ಯಂತ ತೀವ್ರವಾದ ಹಾಜರಿ ಎಂಬುದು ಅವರ ನಿಲುವು. ಅವರ ತರಗತಿಗಳೂ ಇದೇ ಸಿದ್ಧಾಂತದ ಮೇಲೆ ನಡೆಯುತ್ತವೆ.

ಬೇರಿಕಾಯಿ ಗಿಡ ಹೂ ಬಿಡಬೇಕಾದರೆ ನೂರಾರು ಗಂಟೆ ಗಡಗಡ ನಡುಗಿಸುವ ಚಳಿ ಬೇಕು. ನೀಲಗಿರಿ, ಕೊಡೈಕನಾಲ್‌ಗಳಲ್ಲಿ ಆ ಭಾಗ್ಯವಿದೆ. ಪಾವಗಡಕ್ಕೆ ದೇವರು ಬೇರೆ ಭಾಗ್ಯ ಬರೆದಿದ್ದಾನೆ. ಹಾಗಾಗಿ ಲಾರಿ ಹತ್ತಿ ಬಂದ ಹಣ್ಣೇ ಗತಿ. ಈ ಸಂಗತಿಯನ್ನು ಪ್ರಬಂಧದ ಭಾಷೆಯಲ್ಲಿ ಹೇಳುವುದಾದರೆ: ಶೀತವಲಯದ ಯಜಮಾನಿಕೆಯು ಬಯಲುಸೀಮೆಯ ನೆಲಮೂಲ ಸಂವೇದನೆಯೊಡನೆ ನಡೆಸುವ ಅನುಸಂಧಾನದಲ್ಲಿ ಫಲವೆಂಬುದು ಸಂಚಾರಿ ಸಂಕೇತವಾಗಿ ನಿರ್ಮಿತಗೊಳ್ಳುತ್ತದೆ. ಈ ಒಂದು ವಾಕ್ಯದಿಂದ ವಿಚಾರ ಸಂಕಿರಣದ ಭೋಜನಪೂರ್ವ ಗೋಷ್ಠಿಯೊಂದನ್ನು ಸಲೀಸಾಗಿ ತುಂಬಿಸಬಹುದು.

ವಿಧಾನಶಾಸ್ತ್ರ. ಚೆನ್ನಾಗಿ ಮಾಗಿದ ಹಣ್ಣನ್ನು ತೊಳೆದು, ಬೀಜದ ಭಾಗ ತೆಗೆದು, ಹೆಚ್ಚಿ, ಕಿವುಚಿ ಭರಣಿಗೆ ಹಾಕುವುದು. ಕುದಿಸಿ ಆರಿಸಿದ ನೀರು, ಸಕ್ಕರೆ, ಚಿಟಿಕೆ ಯೀಸ್ಟ್. ಬಾಯಿಗೆ ಬಟ್ಟೆ ಕಟ್ಟಿ ದಿನಕ್ಕೊಮ್ಮೆ ಮರದ ಸೌಟಿನಲ್ಲಿ ತಿರುವುವುದು. ಬಿರಡೆ ಜಡಿದರೆ ಒಳಗಿನ ಅನಿಲ ಗಾಜನ್ನೇ ಒಡೆದೀತು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಮದ್ಯಸಾರ, ಬೇರಿಕಾಯಿಯ ರಸವೊಂದೇ ಶೇ. 5ರ ಆಸುಪಾಸಿಗೆ ಸುಸ್ತಾಗುತ್ತದೆ. ಅದರಲ್ಲಿರುವ ಸಾರ್ಬಿಟಾಲ್ ಎಂಬ ಸಿಹಿಯನ್ನು ಯೀಸ್ಟ್ ಮುಟ್ಟುವುದಿಲ್ಲ. ಹಾಗಾಗಿ ಎಷ್ಟು ದಿನ ಬಿಟ್ಟರೂ ತುಸು ಸಿಹಿ ಉಳಿದೇ ಉಳಿಯುತ್ತದೆ.

ಹುದುಗುವಿಕೆಯನ್ನು ಏಳು ಘಟ್ಟಗಳಾಗಿ ವರ್ಗೀಕರಿಸಲಾಗಿದೆ. (ಅ) ಪೂರ್ವಹುದುಗು. (ಆ) ಹುದುಗುಪೂರ್ವೋತ್ತರ, ಇದರಲ್ಲಿ ಮೇಲ್ಮೈ ನೊರೆ ಮತ್ತು ಆಂತರ್ಯದ ನೊರೆ ಎಂಬ ಉಪಭೇದಗಳುಂಟು. (ಇ) ಹುದುಗೋತ್ತರ ಆಧುನಿಕತೆ. (ಈ) ಉಳಿದದ್ದೆಲ್ಲ ಇಡ್ಲಿ ಹಿಟ್ಟು ಉಬ್ಬಿದ ಹಾಗೆಯೇ. ಅದನ್ನು ತಿಳಿಯಲು ಅಡುಗೆಮನೆಗೆ ಹೋದರೆ ಸಾಕು, ಪ್ರಬಂಧ ಬೇಡ. ಆದ್ದರಿಂದ ಐದು, ಆರು, ಏಳನೆಯ ಘಟ್ಟಗಳನ್ನು ಕೈಬಿಡಲಾಗಿದೆ.

ಅಧ್ಯಯನದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಶೋಧ ಒಂದೇ, ಅದನ್ನು ಮಾರ್ಗದರ್ಶಕರು ಅನುಬಂಧಕ್ಕೆ ತಳ್ಳಿದ್ದಾರೆ. ಬೇರಿಕಾಯಿಯಲ್ಲಿ ಹುಳಿ ಸಾಲದು, ವೈನು ಸಪ್ಪೆಯಾಗುತ್ತದೆ. ದ್ರಾಕ್ಷಿಗೆ ಬಿಗುವು ಕೊಡುವುದು ಟಾರ್ಟಾರಿಕ್ ಆಮ್ಲ. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ದಂಡಿಯಾಗಿದೆ, ಹುಣಸೆಗೆ ತುಮಕೂರು ಮಾರುಕಟ್ಟೆ ಹೆಸರುವಾಸಿ. ಅಂದರೆ ಪರದೇಶಿ ಹಣ್ಣಿನ ವೈನಿಗೆ ಬೇಕಾದದ್ದು ಇಲ್ಲಿನ ಹೊಲದ ಬದುವಿನಲ್ಲೇ ಇದೆ. ಹುಣಸೆಮರಕ್ಕೆ ಅನ್ಯಭಾಷೆಯ ಸಿದ್ಧಾಂತಿಗಳ ಬೆಂಬಲವಿಲ್ಲದ ಕಾರಣ ಅಂಕ ಸಿಗಲಿಲ್ಲ.

ಕ್ಷೇತ್ರಕಾರ್ಯ. ಹಿಂದೆ ಈಚಲುಮರ ಹತ್ತುತ್ತಿದ್ದ ಹಿರಿಯರೊಬ್ಬರಿಗೆ ಸಂಶೋಧಕ ನಲವತ್ತು ಪ್ರಶ್ನೆಗಳ ಪ್ರಶ್ನಾವಳಿ ಕೊಟ್ಟ. ಮೊದಲನೆಯದು: ‘ಸ್ಥಳೀಯ ಹುದುಗುಜ್ಞಾನದ ಅಸ್ಮಿತೆಯನ್ನು ತಾವು ಹೇಗೆ ಗ್ರಹಿಸುತ್ತೀರಿ?’ ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಯಾಕ್ ಸ್ವಾಮಿ, ಕೇಸ್ ಹಾಕ್ತೀರಾ?” ಎಂದರು. ದತ್ತಾಂಶ ವಿಶ್ಲೇಷಣೆಯ ಕೋಷ್ಟಕದಲ್ಲಿ ಇದು ‘ಉತ್ತರಿಸಲು ನಿರಾಕರಣೆ’ ಎಂದು ದಾಖಲಾಗಿದೆ.

ಅದು ನಿರಾಕರಣೆಯಲ್ಲ, ಸರಿಯಾದ ಉತ್ತರ. ಈಚಲಿನ ರಸಕ್ಕೆ ಯಾರೂ ಯೀಸ್ಟ್ ಹಾಕಬೇಕಿಲ್ಲ. ರಾತ್ರಿ ಕಟ್ಟಿದ ಮಡಕೆಗೆ ಒಳಗೆ ಸುಣ್ಣ ಬಳಿದಿದ್ದರೆ ಬೆಳಗಿಗೆ ನೀರಾ, ಬಳಿಯದಿದ್ದರೆ ಹೆಂಡ. ಈ ತಿಳಿವಳಿಕೆ ಈಡಿಗರ ಮನೆಗಳಲ್ಲಿ ತಲೆಮಾರುಗಳಿಂದ ಇತ್ತು. ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್ ಬೆರೆಸಿ ಜನರ ಜೀವ ತೆಗೆದವರಿದ್ದರು, ನಿಜ. ಬೆರೆಸಿದವರನ್ನು ಹಿಡಿಯುವ ಬದಲು 2004ರಲ್ಲಿ ಬಯಲುಸೀಮೆಯ ಸೇಂದಿಯನ್ನೇ ನಿಲ್ಲಿಸಿದರು. ಕರಾವಳಿಯಲ್ಲಿ ತೆಂಗಿನ ಕಳ್ಳು ಉಳಿಯಿತು, ಇಲ್ಲಿ ಮರ ಹತ್ತುವವನು ಕೆಳಗಿಳಿದ. 2007ರ ಜುಲೈ 1ರಿಂದ ಸಾರಾಯಿಯೂ ಹೋಯಿತು. ಗಂಡಸರ ಕುಡಿತದಿಂದ ನೊಂದ ಹೆಂಗಸರು ಅದಕ್ಕಾಗಿ ಬೀದಿಗಿಳಿದಿದ್ದರು, ಅವರ ಸಂಕಟದ ಬಗ್ಗೆ ಇಲ್ಲಿ ಎರಡು ಮಾತಿಲ್ಲ. ಆದರೆ ಅದೇ 2007ರಲ್ಲಿ ಸರ್ಕಾರ ದ್ರಾಕ್ಷಾರಸ ನೀತಿಯನ್ನೂ ತಂದಿತು. ದ್ರಾಕ್ಷಾರಸ ಮಂಡಳಿ ಬಂತು, ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಚೆಂದದ ಹೆಸರುಗಳು ಬಂದವು, ವೈನ್ ಮೇಳಗಳು ನಡೆದವು. ಮಡಕೆಯಲ್ಲಿ ಹುದುಗಿದರೆ ಅಪರಾಧ, ಉಕ್ಕಿನ ತೊಟ್ಟಿಯಲ್ಲಿ ಹುದುಗಿದರೆ ಸಂಸ್ಕೃತಿ! ಹೆಂಡದಂಗಡಿ ಹೋದ ಮೇಲೆ ಊರಿಗೆ ಬಂದದ್ದು ವಿಸ್ಕಿಯ ಪ್ಯಾಕೆಟ್ಟು. ಅದರ ಒಂದು ಕಾಸೂ ಈಚಲುವನದವನಿಗೆ ಸೇರುವುದಿಲ್ಲ.

ಈ ಭಾಗವನ್ನು ‘ಭಾವಾವೇಶ’ ಎಂದು ಗುರುತು ಹಾಕಿ ಮಾರ್ಗದರ್ಶಕರು ಹಿಂದಿರುಗಿಸಿದ್ದಾರೆ.

ಶಿಫಾರಸು. ಮನೆಯಲ್ಲಿ ಬೇರಿಕಾಯಿ ವೈನು ಮಾಡಬೇಕೆಂದಿರುವವರು 1965ರ ಕರ್ನಾಟಕ ಅಬಕಾರಿ ಕಾಯ್ದೆಯನ್ನು ಮೊದಲು ಓದಿಕೊಳ್ಳುವುದು ಕ್ಷೇಮ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಅದು ಬೇರಿಕಾಯಿಯದಾದರೂ ನೇರಳೆಯದಾದರೂ. ಹಲಸು, ನೇರಳೆ ಸುಗ್ಗಿಯಲ್ಲಿ ಬೆಲೆ ಸಿಗದೆ ಕೊಳೆಯುತ್ತವೆ. ಅವಕ್ಕೆ ‘ಮೌಲ್ಯವರ್ಧನೆ’ ಮಾಡುವುದನ್ನು ಕಲಿಸಲು ರೈತರನ್ನು ಕರೆಸಿ, ಹಣ್ಣಿನ ವೈನಿನ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ಆ ಪತ್ರ ತೋರಿಸಿದರೂ ಅಬಕಾರಿಯವರು ಬಿಡುವುದಿಲ್ಲ.