ಕೆಡದ ಗಡಿಗೆ: ಅಣ್ಣಿಗೇರಿ ಸೀಮೆಯಲ್ಲಿ ವಿಜ್ಞಾನ ಹುಟ್ಟದಿದ್ದುದಕ್ಕೆ ಒಂದು ಹುಳಿ ಕಾರಣ

ಆಧುನಿಕ ವಿಜ್ಞಾನ ಹುಟ್ಟಿದ್ದೆಲ್ಲಿ ಎಂದು ಕೇಳಿದರೆ ಪಂಡಿತರು ವಿಶ್ವವಿದ್ಯಾಲಯಗಳತ್ತ ಕೈ ತೋರಿಸುತ್ತಾರೆ. ಸಾಕ್ಷಿಗಳು ಮಾತ್ರ ಬೀರಿನ ಪೀಪಾಯಿಯ ಸುತ್ತಲೇ ಸುಳಿದಾಡುತ್ತವೆ. 1840ರ ದಶಕದಲ್ಲಿ ಕೆಲಸಕ್ಕೂ ಶಾಖಕ್ಕೂ ಇರುವ ಲೆಕ್ಕ ಬಿಡಿಸಿದ ಜೇಮ್ಸ್ ಜೂಲ್ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಬೀರ್ ಕಾರ್ಖಾನೆ ನಡೆಸುತ್ತಿದ್ದ ಮನೆತನದವನು. ಲಿಲ್ ಊರಿನಲ್ಲಿ ಒಬ್ಬ ಸಾಹುಕಾರನ ಬೀಟ್‌ರೂಟ್ ಸಾರಾಯಿ ಹುಳಿಯಾಗಿ ಹೋದದ್ದರಿಂದ 1856ರಲ್ಲಿ ಲೂಯಿ ಪಾಶ್ಚರ್ ಸೂಕ್ಷ್ಮಜೀವಿಗಳ ಬೆನ್ನು ಹತ್ತಿದ. 1876ರಲ್ಲಿ ಬೀರಿನ ಮೇಲೆಯೇ ಗ್ರಂಥ ಬರೆದ. 1883ರಲ್ಲಿ ಒಂದೇ ತಳಿಯ ಶುದ್ಧ ಯೀಸ್ಟ್ ಬೆಳೆಸಿದ ಹಾನ್ಸನ್, 1909ರಲ್ಲಿ ಆಮ್ಲ-ಕ್ಷಾರಗಳಿಗೆ ರಸಸಾರದ ಅಳತೆಗೋಲು ಕೊಟ್ಟ ಸೋರೆನ್‌ಸನ್, ಇಬ್ಬರೂ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದವರು. ಇಷ್ಟಾದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಹುಳಿ ಬರಿಸುವ ವಿದ್ಯೆಯಲ್ಲಿ ಯಾರಿಗೂ ಸೋಲದ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಲ್ಲಿ ಒಬ್ಬ ಪಾಶ್ಚರನಾದರೂ ಏಕೆ ತಲೆಯೆತ್ತಲಿಲ್ಲ? ಈ ಪ್ರಬಂಧದ ಸಿದ್ಧಾಂತವಿದು: ಇಲ್ಲಿ ಯಾವುದೂ ಕೆಡುವುದಿಲ್ಲ, ಕೆಡದಲ್ಲಿ ವಿಜ್ಞಾನಕ್ಕೆ ಕೆಲಸವಿಲ್ಲ.

ಬೀರಿನ ವ್ಯವಹಾರವನ್ನು ಗಮನಿಸಿ. ಸಾವಿರಾರು ಲೀಟರಿನ ತೊಟ್ಟಿ ಒಂದು ರಾತ್ರಿಯಲ್ಲಿ ಹುಳಿಯಾದರೆ ಮಾಲೀಕ ಮುಳುಗಿದ. ಆಗ ಅವನು ಥರ್ಮಾಮೀಟರು ಕೊಳ್ಳುತ್ತಾನೆ, ರಸಾಯನಶಾಸ್ತ್ರಿಗೆ ಸಂಬಳ ಕೊಡುತ್ತಾನೆ. ಡಬ್ಲಿನ್‌ನ ಗಿನ್ನೆಸ್ ಕಂಪನಿಯ ಗಾಸೆಟ್, ಕೈಗೆ ಸಿಕ್ಕ ನಾಲ್ಕಾರು ಮಾದರಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ತಲೆ ಕೆಡಿಸಿಕೊಂಡು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಸಂಖ್ಯಾಶಾಸ್ತ್ರದ ಹೊಸ ಪರೀಕ್ಷೆಯನ್ನೇ ಪ್ರಕಟಿಸಿದ. ಈಗ ಅಣ್ಣಿಗೇರಿಯ ಅಡುಗೆಮನೆಗೆ ಬನ್ನಿ. ಕಾಯಿಸಿದ ಹಾಲು ಉಗುರುಬೆಚ್ಚಗಾಯಿತೇ ಎಂದು ಕಿರುಬೆರಳು ಅದ್ದಿ ನೋಡಿ, ಒಂದು ತೊಟ್ಟು ಹೆಪ್ಪು ಬಿಟ್ಟು, ಚಳಿಗಾಲವಾದರೆ ಗಡಿಗೆಯನ್ನು ಒಲೆಯ ಮಗ್ಗುಲಿಗೆ ಸರಿಸುತ್ತಾರೆ. ಬೆಳಗಿಗೆ ಅದು ಮೊಸರು. ಮರುದಿನ ಕಡೆದರೆ ಮಜ್ಜಿಗೆ, ಜೋಳದ ನುಚ್ಚಿಗೂ ಅಂಬಲಿಗೂ ಅದೇ ಜೋಡಿ. ಹುಳಿ ಏರಿದರೆ ಒಗ್ಗರಣೆ ಕೊಟ್ಟು ಸಾರು. ಇನ್ನೂ ಏರಿದರೆ ಸೀಳಿದ ಮೆಣಸಿನಕಾಯಿ ಅದರಲ್ಲಿ ನೆನೆದು ಮಾಳಿಗೆಯ ಮೇಲೆ ಒಣಗುತ್ತದೆ. ಬಾಯಿಗೆ ಇಡಲಾಗದಷ್ಟು ಹುಳಿಯಾದದ್ದು ತಾಮ್ರದ ಕೊಡ ಬೆಳಗುತ್ತದೆ; ಕೊನೆಯ ಗಿಂಡಿ ಕರಿಬೇವಿನ ಬುಡಕ್ಕೆ. ಇಷ್ಟು ಘಟ್ಟಗಳಲ್ಲಿ ನಷ್ಟ ಎಂದು ಬರೆದುಕೊಳ್ಳುವ ಘಟ್ಟ ಯಾವುದು? ಪಾಶ್ಚರನೇ ಬಂದು ಕಟ್ಟೆಯ ಮೇಲೆ ಕೂತಿದ್ದರೂ, ಒಂದು ತಂಬಿಗೆ ಮಜ್ಜಿಗೆ ಕುಡಿದು ವಾಪಸು ಹೋಗಬೇಕಾಗುತ್ತಿತ್ತು.

ಪೂರ್ವಪಕ್ಷಿಗಳು ಎದ್ದು ನಿಲ್ಲುತ್ತಾರೆ: ಶುದ್ಧ ತಳಿ ಕಾಪಾಡುವ ಹಾನ್ಸನ್ನನ ವಿದ್ಯೆ ಈ ಹೆಣ್ಣುಮಕ್ಕಳಿಗೆ ಮೊದಲೇ ಗೊತ್ತಿರಲಿಲ್ಲವೇ, ಹೆಪ್ಪು ತಪ್ಪಿದರೆ ನೆರೆಮನೆಯಿಂದ ತರುವುದು ತಳಿ ಭಂಡಾರವಲ್ಲದೆ ಮತ್ತೇನು? ಒಪ್ಪೋಣ. ಕಾರ್ಲ್ಸ್‌ಬರ್ಗ್ ಕೂಡ ತನ್ನ ಯೀಸ್ಟನ್ನು ಬೇರೆ ಕಾರ್ಖಾನೆಗಳಿಗೆ ಧಾರಾಳವಾಗಿ ಹಂಚಿತು. ದೀಪ ಹಚ್ಚಿದ ಮೇಲೆ ಕೊಡಬಾರದೆಂಬ ಕಟ್ಟಳೆ ಮಾತ್ರ ಅಲ್ಲಿ ಇದ್ದಂತೆ ಕಾಣುವುದಿಲ್ಲ. ಆದರೆ ಹೆಪ್ಪು ಏಕೆ ತಪ್ಪಿತು ಎಂದು ನೆರೆಮನೆಯವರು ಕೇಳುವುದಿಲ್ಲ, ಕೊಟ್ಟುಬಿಡುತ್ತಾರೆ. ಸಂಶೋಧನೆಗೆ ಇದಕ್ಕಿಂತ ದೊಡ್ಡ ಪೆಟ್ಟು ಉಂಟೇ? ಇನ್ನೊಂದು ಆಕ್ಷೇಪ: ಜೋಳದಿಂದಲೂ ಬೀರಾಗುತ್ತದಲ್ಲ, ಆಫ್ರಿಕಾದ ಹಲವೆಡೆ ಅದನ್ನು ಮೊಳಕೆ ಬರಿಸಿ ಮಾಡುತ್ತಾರಲ್ಲ? ಹೌದು. ಇಲ್ಲಿಯವರು ಅದೇ ಜೋಳವನ್ನು ರೊಟ್ಟಿ ಬಡಿದರು. ಒಣಗಿದ ರೊಟ್ಟಿ ಕಟಕ್ ರೊಟ್ಟಿಯಾಗಿ ಇನ್ನಷ್ಟು ದಿನ ಬಾಳುತ್ತದೆ. ಅಲ್ಲೂ ಕೆಡುವ ಅವಕಾಶ ಹೋಯಿತು.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು: ಬೀರ್ ಮುಟ್ಟದ ಊರಿಗೆ ಬೀರಿನ ವಿಜ್ಞಾನದಿಂದ ಆಗಬೇಕಾದ್ದೇನು? ನವಲಗುಂದದ ಎರೆಹೊಲದ ಮಣ್ಣು ಪರೀಕ್ಷೆಗೆ ಹೋಗಿ ಬರಲಿ. ರೈತನ ಕೈಗೆ ಬರುವ ಚೀಟಿಯಲ್ಲಿ ಎಂಟರ ಆಸುಪಾಸಿನ ಒಂದು ರಸಸಾರದ ಅಂಕಿ ಇರುತ್ತದೆ. ಕೊರಳಲ್ಲಿ ಲಿಂಗ, ಅಂಗಿಯ ಜೇಬಿನಲ್ಲಿ ಕಾರ್ಲ್ಸ್‌ಬರ್ಗ್. ಬಿತ್ತುವ ತಳಿಯ ಇಳುವರಿ ನಿಜಕ್ಕೂ ಹೆಚ್ಚೋ, ಮಳೆಯ ಕೃಪೆಯೋ ಎಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅಳೆಯುವ ಲೆಕ್ಕಕ್ಕೆ ಗಿನ್ನೆಸ್‌ನ ಗುಪ್ತನಾಮವೇ ಪೂರ್ವಜ. ಔಷಧದ ಮಾತಂತೂ ಇನ್ನೂ ಹತ್ತಿರದ್ದು. ಲೂಸಿ ವಿಲ್ಸ್ ಎಂಬ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಗಿರಣಿಯಲ್ಲಿ ದುಡಿಯುವ ಬಸುರಿಯರ ರಕ್ತಹೀನತೆಯ ಹಿಂದೆ ಬಿದ್ದರು. ಬೀರ್ ಕಾರ್ಖಾನೆಯಲ್ಲಿ ಮಿಕ್ಕ ಯೀಸ್ಟಿನ ಗೊಜ್ಜು ಮಾರ್ಮೈಟ್ ಕೊಟ್ಟು ಅದನ್ನು ವಾಸಿಮಾಡಿ 1931ರಲ್ಲಿ ಪ್ರಕಟಿಸಿದರು. ಆ ಗೊಜ್ಜಿನೊಳಗಿದ್ದ ಗುಣವೇ ಫೋಲೇಟ್. ಇಂದು ಕಲಘಟಗಿಯ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಬಸುರಿಗೆ ಎಣಿಸಿ ಕೊಡುವ ಕೆಂಪು ಗುಳಿಗೆಯಲ್ಲಿ ಕಬ್ಬಿಣದ ಜೊತೆಗಿರುವುದು ಅದೇ. ಪೀಪಾಯಿಯ ತಳದ ಗಸಿಯನ್ನೂ ಚೆಲ್ಲದೆ ಉಪಯೋಗಿಸಿದ ಈ ಒಂದು ಸಲ ಮಾತ್ರ ಬೀರಿನವರು ನಮ್ಮವರಂತೆ ನಡೆದುಕೊಂಡರು ಎನ್ನಬೇಕು. ನಮ್ಮ ಸಿದ್ಧಾಂತಕ್ಕೆ ಇದರಿಂದ ತುಸು ಇರುಸುಮುರುಸಾದರೂ ಅಡ್ಡಿಯಿಲ್ಲ.

ಉಳಿದದ್ದು ಭವಿಷ್ಯದ ಪ್ರಶ್ನೆ. 1870ರ ದಶಕದಲ್ಲಿ ಜರ್ಮನಿಯ ಲಿಂಡೆ ಬೀರ್ ಕಾರ್ಖಾನೆಗಳಿಗಾಗಿ ತಣಿಸುವ ಯಂತ್ರ ಕಟ್ಟಿದ. ಅದರ ಸಂತತಿ ಈಗ ಕುಂದಗೋಳದ ಅಡುಗೆಮನೆಗಳಲ್ಲೂ ಗುಂಯ್‌ಗುಡುತ್ತಿದೆ. ಅದರೊಳಗೆ ಮೊಸರು ಹುಳಿಯಾಗುವುದು ನಿಧಾನ. ಆದ್ದರಿಂದ ಮಜ್ಜಿಗೆಯೋ ಸಾರೋ ಎಂದು ಯಾರೂ ಆ ಕಡೆ ನೋಡುವುದಿಲ್ಲ. ಹಿಂದಿನ ಮೂಲೆಗೆ ಸರಿದ ಡಬ್ಬಿ ವಾರಗಟ್ಟಲೆ ಕೂತು ಹಸಿರು ಬೂಸ್ಟು ಹಿಡಿಯುತ್ತದೆ, ಮೂಗು ಮುಚ್ಚಿಕೊಂಡು ಅದನ್ನು ಚೆಲ್ಲಬೇಕಾಗುತ್ತದೆ. ಈ ಸೀಮೆಯಲ್ಲಿ ವಸ್ತುಗಳು ಕೊನೆಗೂ ಕೆಡಲು ಶುರುಮಾಡಿವೆ. ನಮ್ಮ ಸಿದ್ಧಾಂತ ಸರಿಯಿದ್ದರೆ ಸ್ಥಳೀಯ ಪಾಶ್ಚರನ ಹೆರಿಗೆಗೆ ಇನ್ನು ಹೆಚ್ಚು ದಿನವಿಲ್ಲ.