ಈ ಅಕ್ಷರ ಯಾರದು ಕಾಕಾ?

ಲೋಗೋದಲ್ಲಿರುವುದು ಫಾಂಟೋ ಕೈಬರಹವೋ ಎಂದು ಪತ್ತೆ ಹಚ್ಚಲು ‘ರಾಣೇಬೆನ್ನೂರು’ ಹೇಳಿ ಮಾಡಿಸಿದ ಹೆಸರು. ರಕಾರ ಎರಡು ಸಲ ಬರುತ್ತದೆ. ಎರಡರ ಹೊಟ್ಟೆಯೂ ಒಂದೇ ಅಳತೆಯಲ್ಲಿದ್ದರೆ ಫಾಂಟು. ಮೊದಲಿನದು ಉಂಡು ಕೂತಂತಿದ್ದು ಕೊನೆಯದು ಬಡಕಲಾಗಿದ್ದರೆ, ಪೇಂಟರಿಗೆ ಬೋರ್ಡು ಸಾಲಲಿಲ್ಲ ಎಂದು ತಿಳಿಯಿರಿ.

ಕೈಬರಹವೆಂದು ಮೂಗು ಮುರಿಯಬೇಕಿಲ್ಲ. ಕೋಕಾ-ಕೋಲಾದ ಬಳುಕುವ ಅಕ್ಷರವೂ 1886ರಲ್ಲಿ ಹುಟ್ಟಿದ ಆ ಪಾನೀಯದ ಲೆಕ್ಕ ಬರೆಯುತ್ತಿದ್ದ ಫ್ರಾಂಕ್ ರಾಬಿನ್ಸನ್ ಕೈಯಿಂದಲೇ ಬಂದದ್ದು. ಬ್ಯಾಡಗಿ ಪ್ಯಾಟಿಯ ದಲ್ಲಾಳಿ ಅಂಗಡಿ ಗುಮಾಸ್ತರು ಕಾಲರ್ ಏರಿಸಬಹುದು.

ಅದೇ ಬ್ಯಾಡಗಿಯ ವರ್ತಕರೊಬ್ಬರು ಖಾರದ ಪುಡಿಯ ಪಾಕೀಟು ಹಿಡಿದು ಹಾವೇರಿಯ ಡಿಟಿಪಿ ಅಂಗಡಿಗೆ ಬಂದಿದ್ದರು. ಪಾಕೀಟಿನ ಮೇಲೆ ‘ಬ್ಯಾ’ದ ಯ-ಒತ್ತು ಬಾಲ ಚಾಚಿ ಕೆಂಪು ಮೆಣಸಿನಕಾಯಿ ಆಗಿತ್ತು, ಹಸಿರು ತೊಟ್ಟು ಬೇರೆ.

“ಇದು ಯಾವ ಫಾಂಟೋ ತಮ್ಮಾ? ನಮ್ಮ ಬೋರ್ಡಿಗೂ ಇದ ಬೇಕು.”

“ನಮ್ಮಲ್ಲಿ ನುಡಿ ಐತ್ರಿ, ಬರಹ ಐತ್ರಿ. ಇದು ಎರಡೂ ಅಲ್ರೀ ಕಾಕಾ.”

1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂದಾಗಾಗಲಿ, ಕನ್ನಡ ಗಣಕ ಪರಿಷತ್ತು ‘ನುಡಿ’ ರೂಪಿಸಿದಾಗಾಗಲಿ ತೊಟ್ಟಿರುವ ಒತ್ತಿನ ಯೋಚನೆ ಯಾರಿಗೂ ಬಂದಿರಲಾರದು. ಹುಡುಗ ಏಕ್ ಟೈಪ್‌ನವರ ಗುಂಡುಗುಂಡನೆಯ ‘ಬಾಲೂ ತಮ್ಮ’ ತೋರಿಸಿದ. ಪುಕ್ಕಟೆ ಸಿಗುವ ಫಾಂಟು, ಚಂದವೂ ಇದೆ. ಕಾಕಾ ತಲೆ ಅಲ್ಲಾಡಿಸಿದರು.

“ಹಂಗಾರ ಆ ಮೆಣಸಿನಕಾಯಿ ಒತ್ತಷ್ಟ ಕತ್ತರಿಸಿ ನಮ್ಮ ಹೆಸರಿಗೆ ಹಚ್ಚಿಬಿಡು.”

“ಹಚ್ಚತೇನ್ರಿ. ಆದ್ರ ನಿಮ್ಮ ಅಂಗಡಿ ಹೆಸರಿನ್ಯಾಗ ಒತ್ತಕ್ಷರನ ಇಲ್ಲಲ್ರೀ!”